ತಮ್ಮನ ಕೆಲಸ ಹೋಯ್ತು, ಇನ್ಶೂರೆನ್ಸೂ ಹೋಯ್ತು. ನ್ಯೂಜೆರ್ಸಿಯಲ್ಲಿ ಏನು ದಾರಿ?

ಸಂಪಿಗೆ_ಮರ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಹೋದ ತಿಂಗಳು ಲೇಆಫ್ ಆಯಿತು, ತಿಂಗಳ ಕೊನೆಗೆ ಇನ್ಶೂರೆನ್ಸ್ ಕೂಡ ನಿಂತಿತು. ಗಂಡ ಹೆಂಡತಿಗೆ ಗ್ರೀನ್ ಕಾರ್ಡ್ ಬಂದು ಎರಡು ವರ್ಷ, ಮಗಳು ಅಮೆರಿಕದಲ್ಲೇ ಹುಟ್ಟಿದವಳು. ಕೋಬ್ರಾ (ಹಳೇ ಕಂಪನಿಯ ಇನ್ಶೂರೆನ್ಸನ್ನೇ ನಾವೇ ದುಡ್ಡು ಕಟ್ಟಿ ಮುಂದುವರಿಸೋದು) ಕಾಗದ ಬಂದಿದೆ, ಮೂವರಿಗೂ ಸೇರಿ ತಿಂಗಳಿಗೆ 2,300 ಡಾಲರ್ ಅಂತೆ! ಸಂಬಳವೇ ಇಲ್ಲದವನು ಎಲ್ಲಿಂದ ತರಬೇಕು? ಅವನಿಗೆ ಶುಗರ್ ಬೇರೆ ಇದೆ, ಮಾತ್ರೆ ನಿಲ್ಲಿಸೋ ಹಾಗಿಲ್ಲ. ಇದರ ಮಧ್ಯೆ ಮೊನ್ನೆ ಮಗಳು ಮೆಟ್ಟಿಲಿಂದ ಬಿದ್ದು, ಮೊಣಕೈ ಊದಿಕೊಂಡು, ರಾತ್ರೋರಾತ್ರಿ ಎಮರ್ಜೆನ್ಸಿಗೆ ಓಡಿದ್ದಾರೆ. ಎಕ್ಸ್‌ರೇ ತೆಗೆದು ಪಟ್ಟಿ ಕಟ್ಟಿ ಕಳಿಸಿದರು, ಈಗ ಬಿಲ್ ಬಂದು ಕೂತಿದೆ.

ಫೋನ್‌ನಲ್ಲಿ ಯಾರೋ ಏಜೆಂಟ್ 200 ಡಾಲರ್‌ಗೆ "ಫುಲ್ ಕವರೇಜ್" ಕೊಡ್ತೀನಿ ಅಂತ ಬೆನ್ನು ಬಿದ್ದಿದ್ದಾನೆ. ತಗೋಬಹುದಾ? ಸರ್ಕಾರದ ಸಹಾಯ ತಗೊಂಡರೆ ಮುಂದೆ ಸಿಟಿಜನ್‌ಶಿಪ್‌ಗೆ ಕಲ್ಲು ಬೀಳುತ್ತೆ ಅಂತ ತಮ್ಮ ಹೆದರಿದ್ದಾನೆ. ಗೊತ್ತಿರೋರು ದಯವಿಟ್ಟು ಹೇಳಿ.

ಹಳೇ_ಬೇರು

ಮೊದಲು ಆ ಏಜೆಂಟ್ ನಂಬರ್ ಬ್ಲಾಕ್ ಮಾಡೋಕೆ ಹೇಳಿ ಅಕ್ಕ. ಇಂಥವು ಎಷ್ಟೋ ಸಲ ಇನ್ಶೂರೆನ್ಸೇ ಆಗಿರಲ್ಲ, ಡಿಸ್ಕೌಂಟ್ ಕಾರ್ಡೋ, ಸದಸ್ಯರು ಖರ್ಚು ಹಂಚಿಕೊಳ್ಳುವ ಯೋಜನೆಯೋ ಆಗಿರುತ್ತೆ. ಶುಗರ್ ಮೊದಲಿಂದಲೂ ಇತ್ತು ಅಂತ ಕೈ ಎತ್ತಿಬಿಡಬಹುದು. ಮಾರ್ಕೆಟ್‌ಪ್ಲೇಸ್‌ನಲ್ಲಿ, ಅಂದರೆ ಸರ್ಕಾರದ ಇನ್ಶೂರೆನ್ಸ್ ಸೈಟ್‌ನಲ್ಲಿ ಸಿಗೋ ಪ್ಲಾನ್‌ಗಳು ಹಾಗೆ ಮಾಡುವಂತಿಲ್ಲ, ಹಳೇ ಕಾಯಿಲೆ ಇದ್ದರೂ ಸೇರಿಸಿಕೊಳ್ಳಲೇಬೇಕು. ನ್ಯೂಜೆರ್ಸಿಗೆ ತನ್ನದೇ ಸೈಟ್ ಇದೆ, ಗೆಟ್ ಕವರ್ಡ್ ನ್ಯೂಜೆರ್ಸಿ ಅಂತ. ಇನ್ಶೂರೆನ್ಸ್ ಹೋದ ಮೇಲೆ 60 ದಿನದೊಳಗೆ ಅಲ್ಲಿ ಸೇರಬೇಕು. ಸುಮ್ನೆ ಕೂತರೆ ಮುಂದಿನ ಓಪನ್ ಎನ್‌ರೋಲ್‌ಮೆಂಟ್‌ವರೆಗೆ (ವರ್ಷಕ್ಕೊಮ್ಮೆ ಎಲ್ಲರೂ ಸೇರಬಹುದಾದ ಅವಧಿ) ಕಾಯಬೇಕು, ಅದು ಶುರುವಾಗೋದು ನವೆಂಬರ್ 1ಕ್ಕೆ.

ಕೋಬ್ರಾ ಕಾಗದವನ್ನು ಮಾತ್ರ ಎಸೆಯಬೇಡಿ. ಅದಕ್ಕೂ 60 ದಿನ ಟೈಮ್ ಇದೆ, ಮತ್ತೆ ಅದು ಹಿಂದಿನ ದಿನಾಂಕದಿಂದಲೇ ಜಾರಿಯಾಗುತ್ತೆ. ಅಂದರೆ ಈಗ ತಗೊಂಡರೂ ಎಮರ್ಜೆನ್ಸಿ ಬಿಲ್ ಅದರೊಳಗೆ ಬರುತ್ತೆ, ಇನ್ಶೂರೆನ್ಸ್ ನಿಂತ ದಿನದಿಂದ ಪ್ರೀಮಿಯಂ ಕಟ್ಟಬೇಕು ಅಷ್ಟೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ: ಮನೆಯವರೆಲ್ಲ ಒಟ್ಟಿಗೆ ತಗೋಬೇಕು ಅಂತ ಏನಿಲ್ಲ. ಮಗಳೊಬ್ಬಳಿಗೇ ಕೋಬ್ರಾ ತಗೋಬಹುದು. ಆ 2,300 ಮೂವರದ್ದು, ಒಬ್ಬಳಿಗೆ ಎಷ್ಟು ಅಂತ ಕೇಳಿ. ಬಿಲ್ ಅದಕ್ಕಿಂತ ದೊಡ್ಡದಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಈ ವರ್ಷದ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋ ಮುಂಚೆ ನಾವೇ ಕಟ್ಟಬೇಕಾದ ಮೊತ್ತ) ಎಷ್ಟು ತುಂಬಿದೆ ಅಂತಲೂ ನೋಡಿಕೊಳ್ಳಿ.

ಸುಮ್ನೆ_ಬಂದೆ

ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗಿಲ್ಲ ಅಂದರೆ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡೋ ಇನ್ಶೂರೆನ್ಸ್) ಆಸೆ ಬಿಟ್ಟುಬಿಡಿ. ನಮಗೂ ಹಾಗೇ ಹೇಳಿ ಕಳಿಸಿದ್ದರು. ಅರ್ಜಿ ಹಾಕೋದೇ ವೇಸ್ಟ್.

ಬಿಲ್ಲಿಂಗ್_ಡೆಸ್ಕ್

ಅರ್ಧ ಮಾತ್ರ ಸರಿ ಸರ್. ಐದು ವರ್ಷದ ತಡೆ ಇರೋದು ಆ ಗಂಡ ಹೆಂಡತಿಗೆ. ಮಗು ಸಿಟಿಜನ್ ಅಲ್ವಾ? ಅದಕ್ಕೆ ಎನ್‌ಜೆ ಫ್ಯಾಮಿಲಿಕೇರ್‌ನಲ್ಲಿ (ನ್ಯೂಜೆರ್ಸಿಯಲ್ಲಿ ಮೆಡಿಕೇಡ್‌ಗೆ ಇರೋ ಹೆಸರು) ಅರ್ಜಿ ಹಾಕಿ. ಈ ರಾಜ್ಯದಲ್ಲಿ ಮಕ್ಕಳಿಗೆ ಆದಾಯದ ಮಿತಿ ಬಡತನ ರೇಖೆಯ 355 ಪರ್ಸೆಂಟ್‌ವರೆಗೆ ಇದೆ, ವರ್ಷದ ಯಾವ ತಿಂಗಳಲ್ಲಾದರೂ ಹಾಕಬಹುದು. ಅಲ್ಲಿ ನೋಡೋದು ಈಗಿನ ತಿಂಗಳ ಆದಾಯ, ಹೋದ ವರ್ಷದ ಸಂಬಳ ಅಲ್ಲ. ಮಾರ್ಕೆಟ್‌ಪ್ಲೇಸ್ ಸಬ್ಸಿಡಿಗೆ ಮಾತ್ರ ಇಡೀ ವರ್ಷದ ಅಂದಾಜು ಬೇಕು, ಕೆಲಸ ಹೋಗೋ ಮುಂಚಿನ ಸಂಬಳವೂ ಅದಕ್ಕೆ ಸೇರುತ್ತೆ. ನಿರುದ್ಯೋಗ ಭತ್ಯೆ ಎರಡು ಕಡೆಯೂ ಲೆಕ್ಕಕ್ಕೆ ಬರುತ್ತೆ.

ಇನ್ನು ಆ ಬಿಲ್. ನಾನು ಆಸ್ಪತ್ರೆ ಬಿಲ್ಲಿಂಗ್‌ನಲ್ಲೇ ಕೆಲಸ ಮಾಡೋದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಗಾಬರಿಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಬೇಡಿ. ಮೊದಲು ಐಟಂ ಐಟಂ ಬಿಡಿಸಿ ಬರೆದ ಬಿಲ್ ಕೇಳಿ, ಆಮೇಲೆ "ಫೈನಾನ್ಶಿಯಲ್ ಅಸಿಸ್ಟೆನ್ಸ್ ಅರ್ಜಿ ಕೊಡಿ" ಅಂತ ಅದೇ ಮಾತಲ್ಲಿ ಕೇಳಿ. "ಸ್ವಲ್ಪ ಕಡಿಮೆ ಮಾಡಿ" ಅಂದರೆ ಕಂತಿನ ಪ್ಲಾನ್ ಕೊಟ್ಟು ಸಾಗಹಾಕುತ್ತಾರೆ. ತೆರಿಗೆ ವಿನಾಯಿತಿ ಇರುವ ಲಾಭರಹಿತ ಆಸ್ಪತ್ರೆಗಳು ಇಂಥ ಸಹಾಯದ ನಿಯಮವನ್ನು ಬರೆದು ಪ್ರಕಟಿಸಿರಲೇಬೇಕು. ಮೊದಲ ಬಿಲ್ ಬಂದ ದಿನದಿಂದ 240 ದಿನದವರೆಗೆ ಅರ್ಜಿ ತಗೋಬೇಕು, ಮೊದಲ 120 ದಿನ ಕೋರ್ಟು, ಕ್ರೆಡಿಟ್ ರಿಪೋರ್ಟು ಅಂತ ಹೋಗುವಂತಿಲ್ಲ. ನ್ಯೂಜೆರ್ಸಿಯಲ್ಲಿ ಇದರ ಮೇಲೆ ರಾಜ್ಯದ ಚಾರಿಟಿ ಕೇರ್ ಇದೆ: ಆದಾಯ ಬಡತನ ರೇಖೆಯ 200 ಪರ್ಸೆಂಟ್‌ಗಿಂತ ಕೆಳಗಿದ್ದರೆ ಪೂರ್ತಿ, 300ರವರೆಗೆ ಸ್ವಲ್ಪ ಭಾಗ. ಉಳಿತಾಯ ಎಷ್ಟಿದೆ ಅಂತಲೂ ನೋಡುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್ ರೆಡಿ ಇಟ್ಟುಕೊಳ್ಳಿ.

ಒಂದು ಎಚ್ಚರ. ಚಾರಿಟಿ ಕೇರ್ ಮನ್ನಾ ಮಾಡೋದು ಆಸ್ಪತ್ರೆಯ ಬಿಲ್ ಮಾತ್ರ. ಎಮರ್ಜೆನ್ಸಿ ಡಾಕ್ಟರದ್ದು, ಎಕ್ಸ್‌ರೇ ಓದಿದ ಡಾಕ್ಟರದ್ದು ಬೇರೆ ಬೇರೆ ಕವರ್‌ನಲ್ಲಿ ಆಮೇಲೆ ಬರಬಹುದು. ಎಲ್ಲ ಮುಗೀತು ಅಂತ ಜನ ಆ ಕವರ್ ಒಡೆಯೋದೇ ಇಲ್ಲ, ಕೊನೆಗೆ ಬಾಕಿ ವಸೂಲಿ ಮಾಡೋ ಕಲೆಕ್ಷನ್‌ನವರು ಫೋನ್ ಮಾಡಿದಾಗಲೇ ಗೊತ್ತಾಗೋದು.

ಸಂಪಿಗೆ_ಮರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಒಬ್ಬಳಿಗೇ ಕೋಬ್ರಾ ತಗೋಬಹುದು ಅನ್ನೋದು ನಮಗೆ ಯಾರೂ ಹೇಳಿರಲಿಲ್ಲ. ಸಿಟಿಜನ್‌ಶಿಪ್ ವಿಷಯ? ಅವನ ಮಾತ್ರೆ ಇನ್ನೊಂದು ವಾರಕ್ಕೆ ಖಾಲಿ.

ಹಳೇ_ಬೇರು

ಸಿಟಿಜನ್‌ಶಿಪ್ ಅರ್ಜಿಗೆ ಪಬ್ಲಿಕ್ ಚಾರ್ಜ್ ಪರೀಕ್ಷೆ (ಸರ್ಕಾರಕ್ಕೆ ಹೊರೆಯಾಗ್ತಾರಾ ಅಂತ ನೋಡೋದು) ಇಲ್ಲ. ಅದು ವೀಸಾಗೆ, ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವಾಗಿನ ಮಾತು. ಅರ್ಜಿಯಲ್ಲಿ ಸುಳ್ಳು ಬರೆದರೆ ತೊಂದರೆ, ಅರ್ಹತೆ ಇದ್ದು ತಗೊಂಡರೆ ಅಲ್ಲ. ಎಚ್1ಬಿ ಕೆಲಸದ ವೀಸಾದಲ್ಲಿ ಇರೋರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: 2025ರ ಕಾನೂನಿನ ಪ್ರಕಾರ 2027ರಿಂದ ಅವರಿಗೆ ಮಾರ್ಕೆಟ್‌ಪ್ಲೇಸ್ ಸಬ್ಸಿಡಿ ಇರಲ್ಲ, ಗ್ರೀನ್ ಕಾರ್ಡ್‌ನವರಿಗೆ ಮುಂದುವರಿಯುತ್ತೆ.

ಬಿಲ್ಲಿಂಗ್_ಡೆಸ್ಕ್

ಮಾತ್ರೆಗೆ ಕಮ್ಯೂನಿಟಿ ಹೆಲ್ತ್ ಸೆಂಟರ್‌ಗೆ ಹೋಗಲಿ. ಕೇಂದ್ರ ಸರ್ಕಾರದ ಅನುದಾನದಲ್ಲಿ ನಡೆಯೋವು, ದುಡ್ಡಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಆದಾಯ ನೋಡಿ ಫೀಸ್ ಇಳಿಸುತ್ತಾರೆ. ಮೆಟ್‌ಫಾರ್ಮಿನ್ ಥರದ ಜೆನೆರಿಕ್ ಆದರೆ ಇನ್ಶೂರೆನ್ಸ್ ಇಲ್ಲದೆಯೂ ಅಗ್ಗ. ಹತ್ತಿರದ ಸೆಂಟರ್ ಯಾವುದು ಅಂತ 211ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ನಾಳೆ ಬೆಳಿಗ್ಗೆಯೇ ಮಾಡಲಿ, ಹೊಸ ಪೇಷಂಟ್‌ಗೆ ಅಪಾಯಿಂಟ್‌ಮೆಂಟ್ ಸಿಗೋದು ಕೆಲವು ಕಡೆ ತಡ. ಹಳೇ ಮಾತ್ರೆ ಡಬ್ಬಿ ಜೊತೆಗೆ ತಗೊಂಡು ಹೋಗಲಿ.