ಪದಚರ್ಚೆ: ಹಳ್ಳಿ ಕಡೆಯ ನೆಲ ನಗರಕ್ಕೆ ಸೇರಿದರೆ ಅದು ‘ಸ್ವಾಧೀನ’ವೇ?

> ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸ್ಥಳೀಯ ಆಡಳಿತದ ಬಗ್ಗೆ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಗರವೊಂದು ಪಕ್ಕದ ನೆಲವನ್ನು ತನ್ನ ಎಲ್ಲೆಯೊಳಗೆ ತೆಗೆದುಕೊಳ್ಳುವ ‘ಅನೆಕ್ಸೇಶನ್’ಗೆ ಏನನ್ನಬೇಕು? ಆ ಬಗ್ಗೆ ಎರಡೂ ಕಡೆಯವರು ಮಾಡಿಕೊಳ್ಳುವ ‘ಬೌಂಡರಿ ಅಗ್ರಿಮೆಂಟ್’ಗೆ? ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗುತ್ತದೆ.

>> ಸ್ವಾಧೀನ. ನಿಘಂಟು ನೋಡಿ.

ಸ್ವಾಧೀನ ಬೇಡವೇ ಬೇಡ. ನಮ್ಮ ರೈತರಿಗೆ ಆ ಪದದ ಅರ್ಥ ಒಂದೇ. ಸರ್ಕಾರದ ನೋಟಿಸ್ ಬರುತ್ತದೆ, ಜಮೀನು ಹೋಗುತ್ತದೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ, ಪರಿಹಾರಕ್ಕೆ ಅಲೆದಾಟ ಶುರುವಾಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಆಗುವುದು ಅದಲ್ಲ. ಜಮೀನು ಒಡೆಯನ ಹೆಸರಲ್ಲೇ ಇರುತ್ತದೆ. ನಗರದ ನೀರು, ಒಳಚರಂಡಿ ಸಿಗಲಿ ಅಂತ ಹೆಚ್ಚಾಗಿ ಅವನೇ ಅರ್ಜಿ ಹಾಕುತ್ತಾನೆ. ತೆರಿಗೆ ಯಾರಿಗೆ, ಕಟ್ಟಡದ ಪರವಾನಗಿ ಯಾರಿಂದ ಅನ್ನೋದಷ್ಟೇ ಬದಲಾಗುತ್ತದೆ. ಇದಕ್ಕೆ ‘ಸೇರ್ಪಡೆ’ ಸಾಕು. 2007ರಲ್ಲಿ 110 ಹಳ್ಳಿಗಳು ಬೆಂಗಳೂರು ಪಾಲಿಕೆಗೆ ಸೇರಿದವು ಅಂತಲೇ ನಾವು ಹೇಳುವುದು.

‘ವಿಲೀನ’ವನ್ನು ಎಲ್ಲ ಕಡೆ ಹಾಕಬೇಡಿ. ಇಡೀ ಟೌನ್ (ಅಲ್ಲಿನ ಗ್ರಾಮೀಣ ಭಾಗದ ಆಡಳಿತ) ಅಳಿದುಹೋದಾಗ ಮಾತ್ರ ಅದು ಸರಿ. ಟೌನ್ ಆಫ್ ಮ್ಯಾಡಿಸನ್ ಹಾಗಾಯಿತು. 2003ರಲ್ಲಿ ಮ್ಯಾಡಿಸನ್, ಫಿಚ್‌ಬರ್ಗ್ ನಗರಗಳ ಜೊತೆ ಮಾತಾಗಿ, 2022ರ ಅಕ್ಟೋಬರ್ 31ಕ್ಕೆ ಟೌನ್ ಇಲ್ಲವಾಯಿತು. ಅದರ ನೆಲ ಎರಡೂ ನಗರಗಳಿಗೆ ಹಂಚಿಹೋಯಿತು. ಪಕ್ಕದ ಟೌನ್ ಆಫ್ ಬರ್ಕ್ ಕೂಡ ಇಂಥದೇ ಒಪ್ಪಿಗೆಯಂತೆ 2036ರಲ್ಲಿ ಮುಗಿಯುತ್ತದೆ. ಅಷ್ಟು ವರ್ಷ ಮೊದಲೇ ಜನರಿಗೆ ತಿಳಿಸಿ ಮಾಡುತ್ತಾರೆ, ಅದು ದೊಡ್ಡ ವಿಷಯ.

ಇನ್ನೊಂದು ಮಾತು. ‘ಟೌನ್’ ಅನ್ನು ‘ಪಟ್ಟಣ’ ಮಾಡಿದರೆ ಲೇಖನವೇ ತಲೆಕೆಳಗಾಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಟೌನ್ ಅಂದರೆ ಹೊಲ, ಹಟ್ಟಿ, ಹಸುಗಳಿರುವ ಗ್ರಾಮೀಣ ಭಾಗದ ಆಡಳಿತ. ಟೌನ್ ಅಂತಲೇ ಬಿಟ್ಟು ಅಡಿಟಿಪ್ಪಣಿ ಹಾಕಿ.

>> ‘ಬೌಂಡರಿ ಅಗ್ರಿಮೆಂಟ್’ಗೆ ‘ಒಡಂಬಡಿಕೆ’ ಅಂದರೆ ಬೈಬಲ್ ನೆನಪಾಗುತ್ತದೆ. ‘ಕರಾರು’ ಅರಬ್ಬಿ. ‘ಸೀಮಾ ಸಂವಿದೆ’ ಅನ್ನಿ.

‘ಸಂವಿದೆ’ ಯಾರ ಬಾಯಲ್ಲಿದೆ? ಕರಾರು ಅರಬ್ಬಿ ಅಂತ ಬಿಟ್ಟರೆ ತಾಲ್ಲೂಕು, ಜಿಲ್ಲೆ, ದಾಖಲೆ ಎಲ್ಲವನ್ನೂ ಬಿಡಬೇಕಾಗುತ್ತದೆ. ಬಂದು ನೆಲೆಸಿದ ಪದ ನಮ್ಮದೇ. ಆದರೂ ಇಲ್ಲಿ ನನ್ನ ಓಟು ಒಡಂಬಡಿಕೆಗೆ, ಯಾಕೆಂದರೆ ಒಡನ್ ಮತ್ತು ಪಡು ಕೂಡಿ ಒಡಂಬಡು. ತಮಿಳಿನ ಉಡನ್‌ಪಡು, ಉಡನ್‌ಪಡಿಕ್ಕೈ ಇದರ ನಂಟರು. ಜೊತೆಗಿರುವುದು ಆ ಪದದೊಳಗೇ ಇದೆ. ಮೊದಲು ಕನ್ನಡದ್ದು, ಬೈಬಲ್ಲಿಗೆ ಹೋದದ್ದು ಆಮೇಲೆ. ‘ಎಲ್ಲೆ ಒಡಂಬಡಿಕೆ’ ಅನ್ನಿ.

ನಮ್ಮಲ್ಲಿ ಇದಕ್ಕೆ ಪದ ರೂಢಿಯಲ್ಲಿಲ್ಲ, ಯಾಕೆಂದರೆ ಆ ಪದ್ಧತಿಯೇ ಇಲ್ಲ. ಹಳ್ಳಿ ನಗರಕ್ಕೆ ಸೇರಬೇಕೋ ಬೇಡವೋ ಅಂತ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ತೀರ್ಮಾನಿಸುತ್ತದೆ. ಪಂಚಾಯಿತಿ, ನಗರಸಭೆ ಎದುರುಬದುರು ಕೂತು ನಕ್ಷೆಯ ಮೇಲೆ ಗೆರೆ ಎಳೆದು ಸಹಿ ಹಾಕುವುದಿಲ್ಲ. ವಿಸ್ಕಾನ್ಸಿನ್‌ನಲ್ಲಿ ಹಾಗೆ ಮಾಡಲು ಕಾನೂನಿದೆ. ಗೆರೆಯ ಈಚೆ ನಗರ ಸೇರಿಸಿಕೊಂಡರೆ ಟೌನ್ ಅಡ್ಡಿ ಮಾಡುವುದಿಲ್ಲ, ಗೆರೆಯ ಆಚೆಗೆ ನಗರ ಕೈ ಹಾಕುವುದಿಲ್ಲ. ಹೀಗೆ ಒಪ್ಪಿಕೊಳ್ಳಬಹುದು. ಇಂಥ ಗೆರೆ ನಮ್ಮ ಊರುಗಳ ಅಂಚಿಗೂ ಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಗ್ರಾಮೀಣ ನೆಲ ಉಳಿಸುವ ಭಾಗಕ್ಕೂ ಸಂಸ್ಕೃತದ ಸರಮಾಲೆ ಬೇಡ. ಮ್ಯಾಡಿಸನ್ ಪಕ್ಕದ ಟೌನ್ ಆಫ್ ಡನ್ ಜನ 1996ರಲ್ಲಿ ಮತ ಹಾಕಿ, ತಮ್ಮ ಆಸ್ತಿಯ ಪ್ರತಿ 1000 ಡಾಲರ್ ಬೆಲೆಗೆ 50 ಸೆಂಟ್ ಜಾಸ್ತಿ ತೆರಿಗೆ ಕಟ್ಟಲು ಒಪ್ಪಿದರು. ಆ ದುಡ್ಡಿನಲ್ಲಿ ಟೌನ್ ಕೊಳ್ಳುವುದು ಹೊಲವನ್ನಲ್ಲ, ಅದರಲ್ಲಿ ಮನೆ ಕಟ್ಟಿಸುವ ಹಕ್ಕನ್ನು. ರೈತ ಉಳುತ್ತಲೇ ಇರುತ್ತಾನೆ, ಮಾರಲೂಬಹುದು. ಕೊಂಡವನೂ ಲೇಔಟ್ ಮಾಡುವಂತಿಲ್ಲ. ಹಾಗಾಗಿ ‘ಅಭಿವೃದ್ಧಿ ಹಕ್ಕು’ ಅನ್ನುವ ಬದಲು ‘ಲೇಔಟ್ ಮಾಡುವ ಹಕ್ಕು’ ಅಂತ ಬರೆಯಿರಿ, ಯಾರಿಗೂ ವಿವರಿಸಬೇಕಿಲ್ಲ.

ತಲೆಬರಹಕ್ಕೆ ಜಾಗ ಕಡಿಮೆ ಇದ್ದರೆ ‘ಎಲ್ಲೆ ಒಪ್ಪಂದ’ವೂ ನಡೆಯುತ್ತದೆ.