ಎಚ್‌ಎಂಟಿ ಹತ್ತಿರ 1981ರಲ್ಲೇ ಕ್ವಾರ್ಟ್ಜ್ ವಾಚ್ ಇತ್ತು, ಆದರೂ ಟೈಟಾನ್ ಗೆದ್ದಿದ್ದು ಹೇಗೆ?

ಕ್ಯಾತ್ಸಂದ್ರ_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಎಂಬಿಎ ಎರಡನೇ ವರ್ಷದಲ್ಲಿದ್ದೇನೆ. ಕಂಪನಿಗಳು ಹೊಸ ತಂತ್ರಜ್ಞಾನವನ್ನು ಯಾವಾಗ, ಹೇಗೆ ಮಾರುಕಟ್ಟೆಗೆ ಇಳಿಸುತ್ತವೆ ಅನ್ನೋದರ ಮೇಲೆ ಸೆಮಿನಾರ್ ಕೊಡಬೇಕು. ಕ್ಲಾಸಿನಲ್ಲಿ ಎಲ್ಲರೂ ಕೊಡಾಕ್, ನೋಕಿಯಾ ಅಂತ ಅದನ್ನೇ ಹಿಡಿದುಕೊಂಡಿದ್ದಾರೆ. ನಾನು ಎಚ್‌ಎಂಟಿ ಮತ್ತು ಟೈಟಾನ್ ಆರಿಸಿಕೊಂಡೆ. ತುಮಕೂರಿನಲ್ಲಿ ಬೆಳೆದವನಿಗೆ ಎಚ್‌ಎಂಟಿ ಬಿಟ್ಟು ಬೇರೇನು ಹೊಳೆಯುತ್ತೆ ಹೇಳಿ.

ಗೊಂದಲ ಏನಂದರೆ, ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲೇ ಬೆಂಗಳೂರಲ್ಲಿ ವಾಚ್ ಮಾಡೋಕೆ ಶುರು ಮಾಡಿತ್ತು. 1981ರಲ್ಲಿ ಸೆಲ್ ಹಾಕಿ ಓಡಿಸೋ ಕ್ವಾರ್ಟ್ಜ್ ವಾಚನ್ನೂ ತಂದಿತ್ತು. ಟೈಟಾನ್ ಹುಟ್ಟಿದ್ದೇ 1984ರಲ್ಲಿ, ವಾಚ್ ಮಾರೋಕೆ ಶುರು ಮಾಡಿದ್ದು 1987ರಲ್ಲಿ. ಅಂದರೆ ಎಚ್‌ಎಂಟಿಗೆ ಸುಮಾರು ಆರು ವರ್ಷ ಮುಂಚೆಯೇ ದಾರಿ ಸಿಕ್ಕಿತ್ತು. ಆದರೂ ಅದು ಹಿಂದೆ ಬಿತ್ತು, 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಟ್ಟಿತು. ಯಾಕೆ ಹೀಗಾಯಿತು? "ಸರ್ಕಾರಿ ಕಂಪನಿ ಅಲ್ವಾ, ಇನ್ನೇನು" ಅನ್ನೋ ಉತ್ತರ ಮಾತ್ರ ಬೇಡ. ನಮ್ಮ ಮೇಷ್ಟ್ರು ಅದಕ್ಕೆ ಒಂದು ಮಾರ್ಕೂ ಕೊಡಲ್ಲ.

ಜಾಲಹಳ್ಳಿ_ಕ್ವಾರ್ಟರ್ಸ್:

ನಮ್ಮಪ್ಪ ಎಚ್‌ಎಂಟಿಯವರು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಕೊಂಡೇ ಓದಿ.

ಕೀ ಕೊಡೋ ವಾಚನ್ನು ಒಂದು ಸಲ ಬಿಚ್ಚಿ ನೋಡಿ. ಒಳಗೆ ಕೂದಲೆಳೆಯಷ್ಟು ಸಣ್ಣ ಸುರುಳಿ ಸ್ಪ್ರಿಂಗ್, ಅದರ ಜೊತೆ ಹಿಂದೆ ಮುಂದೆ ಆಡೋ ಬ್ಯಾಲೆನ್ಸ್ ಚಕ್ರ, ಕಲ್ಲು ಕೂರಿಸಿದ ಬೇರಿಂಗ್. ಇಷ್ಟನ್ನು ಇಲ್ಲೇ ತಯಾರಿಸಿ, ಜೋಡಿಸಿ, ಟೈಮ್ ಸರಿಮಾಡೋ ಕೈಗಳನ್ನು ಆ ಫ್ಯಾಕ್ಟರಿ ಇಪ್ಪತ್ತು ವರ್ಷ ಕೂತು ತಯಾರು ಮಾಡಿತ್ತು. ಕ್ವಾರ್ಟ್ಜ್‌ಗೆ ಆ ಕೈಚಳಕ ಹೆಚ್ಚುಕಮ್ಮಿ ಬೇಡವೇ ಬೇಡ. ಒಂದು ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಚಿಪ್ ಅದನ್ನು ಎಣಿಸಿ ಸೆಕೆಂಡಿಗೊಮ್ಮೆ ಪುಟ್ಟ ಮೋಟಾರನ್ನು ತಳ್ಳುತ್ತೆ, ಅಷ್ಟೇ. ಟೈಮೂ ಜಾಸ್ತಿ ಕರೆಕ್ಟ್. ಈಗ ನೀವೇ ಆ ಕಂಪನಿಯ ಮ್ಯಾನೇಜರ್ ಅಂದುಕೊಳ್ಳಿ. ಮಾಡಿದ ಜನತಾ, ಪೈಲಟ್ ಅನ್ನೋ ಕೀ ವಾಚುಗಳೆಲ್ಲಾ ಖರ್ಚಾಗುತ್ತಿವೆ. ಕಾಂಚನ್ ಅನ್ನೋ ಇನ್ನೊಂದು ಮಾಡೆಲ್‌ಗೆ ಮದುವೆ ಮನೆಯವರು ವಶೀಲಿ ಹಿಡಿದು ಓಡಾಡುತ್ತಿದ್ದಾರೆ. ಇಂಥ ಹೊತ್ತಲ್ಲಿ ನಮ್ಮದೇ ಮಾಲನ್ನು ಮೂಲೆಗೆ ತಳ್ಳೋ ವಾಚನ್ನು ಯಾಕೆ ತಲೆ ಮೇಲೆ ಹೊತ್ತು ಮಾರುತ್ತೀರಿ?

ಇನ್ನೊಂದು, ಆಗ ಕ್ವಾರ್ಟ್ಜ್ ದುಬಾರಿ. ಹಳ್ಳಿಯಲ್ಲಿ ಸೆಲ್ ಮುಗಿದರೆ ಎಲ್ಲಿ ಹಾಕಿಸೋದು? ಕೀ ವಾಚಿಗೆ ಆ ತಲೆನೋವಿಲ್ಲ. ನಮ್ಮ ಜನಕ್ಕೆ ಇದಕ್ಕಿನ್ನೂ ಕಾಲ ಬಂದಿಲ್ಲ ಅಂತ ಎಚ್‌ಎಂಟಿ ಲೆಕ್ಕ ಹಾಕಿತು. 1981ಕ್ಕೆ ಆ ಲೆಕ್ಕ ಪೂರ್ತಿ ದಡ್ಡತನ ಏನಲ್ಲ. 1987ರ ಮೇಲೂ ಅದನ್ನೇ ನೆಚ್ಚಿಕೊಂಡಿದ್ದು ದಡ್ಡತನ.

ಅತ್ತಿಬೆಲೆ_ಟೋಲ್:

ಮೇಲಿನವರು ಹೇಳಿದ್ದು ಸರಿ. ಆದರೆ ಟೈಟಾನ್ ಕಡೆ ನೋಡಿದರೆ ನಿಮ್ಮ ಸೆಮಿನಾರಿಗೆ ಇನ್ನೂ ಒಳ್ಳೆ ಸರಕು ಸಿಗುತ್ತೆ.

ಟೈಟಾನ್ ಕ್ವಾರ್ಟ್ಜ್ ಕಂಡುಹಿಡಿಯಲಿಲ್ಲ. ಫ್ರಾನ್ಸ್ ಎಬೋಶ್ ಅನ್ನೋ ಫ್ರೆಂಚ್ ಕಂಪನಿಯಿಂದ ತಂತ್ರಜ್ಞಾನ ತಂದರು. ಲೈಸೆನ್ಸ್ ಕಾಲ, ಖಾಸಗಿಯವರಿಗೆ ವಾಚ್ ಮಾಡೋಕೆ ಅನುಮತಿ ಸಿಗೋದೇ ಕಷ್ಟ, ಅದಕ್ಕೆ ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ಸಂಸ್ಥೆ ಟಿಡ್ಕೋ ಜೊತೆ ಟಾಟಾದವರು ಕೈ ಜೋಡಿಸಿದರು, ಫ್ಯಾಕ್ಟರಿ ಹೊಸೂರಿಗೆ ಹೋಯಿತು. ಅಂದರೆ ಅವರ ಹತ್ತಿರ ಇದ್ದ ತಂತ್ರಜ್ಞಾನ ದುಡ್ಡು ಕೊಟ್ಟರೆ ಸಿಗೋ ಅಂಥದ್ದು. ಎಚ್‌ಎಂಟಿಗೂ ಸಿಗುತ್ತಿತ್ತು, ಸಿಕ್ಕೂ ಇತ್ತು.

ವ್ಯತ್ಯಾಸ ಆಗಿದ್ದು ಅದರ ಸುತ್ತ ಏನು ಕಟ್ಟಿದರು ಅನ್ನೋದರಲ್ಲಿ. ಆಗ ಕಂಪನಿ ನಡೆಸುತ್ತಿದ್ದವರು ಜೆರ್ಕ್ಸಿಸ್ ದೇಸಾಯಿ. ಒಂದು ಕಾಲು ಕೀ ವಾಚಲ್ಲಿ, ಇನ್ನೊಂದು ಕ್ವಾರ್ಟ್ಜಲ್ಲಿ ಇಡೋಣ ಅನ್ನಲಿಲ್ಲ. ಇಡೀ ಕಂಪನಿಯನ್ನೇ ಕ್ವಾರ್ಟ್ಜ್ ಮೇಲೆ ಕಟ್ಟಿದರು. ಕ್ವಾರ್ಟ್ಜ್ ಮಷಿನ್ ತೆಳ್ಳಗಿರುತ್ತೆ, ಹಾಗಾಗಿ ಕೇಸನ್ನು ಬೇಕಾದ ಆಕಾರಕ್ಕೆ ತರಬಹುದು. ಅದನ್ನೇ ಬಳಸಿ ರಾಶಿ ಡಿಸೈನ್ ಬಿಟ್ಟರು. ವಾಚ್ ಅಂದರೆ ಟೈಮ್ ನೋಡೋ ಸಾಮಾನು ಅನ್ನೋದು ಹೋಗಿ ಉಡುಗೊರೆ, ಒಡವೆ ಥರ ಆಯಿತು. ಇದನ್ನು ಹಳೇ ವಾಚ್ ಅಂಗಡಿಯ ಧೂಳು ಹಿಡಿದ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರೋಕೆ ಆಗಲ್ಲ ಅಲ್ವಾ? ಅದಕ್ಕೇ ಸ್ವಂತ ಶೋರೂಮ್ ಮಾಡಿದರು, ಮೊದಲನೆಯದು ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ. ಸೆಲ್ ಹಾಕೋದು, ರಿಪೇರಿ, ಎಲ್ಲಾ ಅಲ್ಲೇ. ಸೆಲ್ ಎಲ್ಲಿ ಹಾಕಿಸೋದು ಅನ್ನೋ ಪ್ರಶ್ನೆ ಪೇಟೆಯಲ್ಲಾದರೂ ಅಲ್ಲಿಗೆ ಮುಗಿಯಿತು.

ಸ್ವಂತ ತಂತ್ರಜ್ಞಾನ ಆಮೇಲೆ ಬಂತು. 2002ರ ಟೈಟಾನ್ ಎಡ್ಜ್ ನೋಡಿ. ಒಳಗಿನ ಮಷಿನ್ ದಪ್ಪ 1.15 ಮಿಲಿಮೀಟರ್, ಪೂರ್ತಿ ವಾಚ್ 3.5 ಮಿಲಿಮೀಟರ್. ಅದು ಹೊಸೂರಿನವರದ್ದೇ ಕೆಲಸ. ಮೊದಲು ಕೊಂಡು ತಂದರು, ಮಾರಿ ದುಡ್ಡು ಮಾಡಿದರು, ಕೈ ಪಳಗಿದ ಮೇಲೆ ಬೇರೆಯವರಿಗೆ ಸುಲಭಕ್ಕೆ ಬಾರದ್ದನ್ನು ಮಾಡಿದರು. ಈ ಕ್ರಮವನ್ನು ನಿಮ್ಮ ಸ್ಲೈಡಲ್ಲಿ ಹಾಕಿ.

ಸ್ಪ್ರಿಂಗ್_ಪ್ರೇಮಿ:

ಸರ್ಕಾರಿ-ಖಾಸಗಿ ವಾದ ಮುರಿಯೋಕೆ ಸ್ವಿಟ್ಜರ್‌ಲೆಂಡ್ ತಗೊಳ್ಳಿ. ಅಲ್ಲಿ ವಾಚ್ ಕಂಪನಿಗಳು ಸೇರಿ ನೂಷಾಟೆಲ್‌ನಲ್ಲಿ ಒಂದು ಲ್ಯಾಬ್ ಇಟ್ಟಿದ್ದವು. 1967ರಲ್ಲೇ ಆ ಲ್ಯಾಬ್ ಕ್ವಾರ್ಟ್ಜ್ ಕೈಗಡಿಯಾರದ ಮಾದರಿ ಮಾಡಿ ಇಟ್ಟಿತ್ತು. ಆದರೆ ಅಂಗಡಿಗೆ ಮೊದಲು ತಂದವರು ಸೈಕೋ, 1969ರ ಡಿಸೆಂಬರ್ 25ಕ್ಕೆ, ಬೆಲೆ 4,50,000 ಯೆನ್! ಸ್ವಿಸ್‌ನವರೆಲ್ಲಾ ಖಾಸಗಿಯೇ, ಬುದ್ಧಿವಂತರೇ. ಆದರೂ 80ರ ದಶಕದ ಹೊತ್ತಿಗೆ ಅಲ್ಲಿನ ವಾಚ್ ಕೆಲಸಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿಬಿಟ್ಟಿತ್ತು. ಅವರು ಮತ್ತೆ ತಲೆ ಎತ್ತೋಕೆ ದೊಡ್ಡ ಕಾರಣ 1983ರ ಸ್ವಾಚ್ ಅನ್ನೋ ಕ್ವಾರ್ಟ್ಜ್ ವಾಚ್. 51 ಬಿಡಿಭಾಗ, ಪ್ಲಾಸ್ಟಿಕ್ ಕೇಸ್, ಬಣ್ಣಬಣ್ಣ.

ಟೈಟಾನನ್ನು ಸುಮ್ನೆ ಹಾಡಿ ಹೊಗಳಬೇಡಿ, ಅಷ್ಟೇ ನಾನು ಹೇಳೋದು. 90ರ ದಶಕದಲ್ಲಿ ಯೂರೋಪಿಗೆ ಹೋಗಿ ಕೈ ಸುಟ್ಟುಕೊಂಡು ಬಂದರು. ಅವರದ್ದೇ ಒಡವೆ ಬ್ರ್ಯಾಂಡ್ ತನಿಷ್ಕ್ ಶುರುವಿನಲ್ಲಿ 18 ಕ್ಯಾರೆಟ್ ಒಡವೆ ತಂದಾಗ ನಮ್ಮ ಹೆಂಗಸರು ಮೂಸಿಯೂ ನೋಡಲಿಲ್ಲ.

ಎರಡೆಳೆ_ಸರ:

ತನಿಷ್ಕ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 18 ಕ್ಯಾರೆಟ್ ಮಲಗಿದ ಮೇಲೆ ಅವರನ್ನು ಎತ್ತಿದ್ದರಲ್ಲಿ ಕ್ಯಾರೆಟ್ ಮೀಟರ್ ಪಾಲು ದೊಡ್ಡದು. ಎಕ್ಸ್‌ರೇ ಬಿಟ್ಟು ಚಿನ್ನದ ಶುದ್ಧತೆ ಹೇಳೋ ಮಷಿನ್. ಒಡವೆ ಕರಗಿಸೋದು ಬೇಡ, ಉಜ್ಜೋದು ಬೇಡ. ಅಂಥ ಮಷಿನ್ ಲ್ಯಾಬುಗಳಲ್ಲಿ ಮೊದಲಿಂದ ಇತ್ತು. ಇವರು ಮಾಡಿದ್ದು ಅದನ್ನು ತಂದು ಶೋರೂಮಲ್ಲಿ ಗಿರಾಕಿಯ ಕಣ್ಣೆದುರು ಇಟ್ಟಿದ್ದು, ಯಾರು ಬೇಕಾದರೂ ಬಂದು ಬಿಟ್ಟಿ ಪರೀಕ್ಷೆ ಮಾಡಿಸಿ ಅಂದಿದ್ದು.

ನಮ್ಮತ್ತೆ ತಮ್ಮ ಮದುವೆಯ ಸರ ತಗೊಂಡು ಹೋಗಿದ್ದರು. ನಮ್ಮೂರಿನ ಅಂಗಡಿಯವರು "22 ಅಮ್ಮಾ, ಕಣ್ಣು ಮುಚ್ಚಿಕೊಂಡು ತಗೊಳ್ಳಿ" ಅಂತ ಕೊಟ್ಟಿದ್ದು. ಸರ ಇಟ್ಟರು, ಮುಚ್ಚಳ ಮುಚ್ಚಿದರು, ಸ್ವಲ್ಪ ಹೊತ್ತಿಗೆ ಪರದೆ ಮೇಲೆ 19 ಚಿಲ್ಲರೆ ಅಂತ ಬಂತು. ಅತ್ತೆ ಆ ಹುಡುಗಿ ಕೈಲಿ ಇನ್ನೊಂದು ಸಲ ಇಡಿಸಿದರು. ಮತ್ತೆ ಅದೇ. ಆಮೇಲೆ ಅವರು ಊರಿನ ಅಂಗಡಿ ಮೆಟ್ಟಿಲು ಹತ್ತಲಿಲ್ಲ. 19 ಕ್ಯಾರೆಟ್ ಇರೋ ಹಳೇ ಚಿನ್ನ ತನ್ನಿ, 22ರದ್ದು ತಗೊಂಡು ಹೋಗಿ ಅನ್ನೋ ಸ್ಕೀಮನ್ನೂ ಬಿಟ್ಟಿದ್ದರು. ಒಂದು ಮಷಿನ್ ಇಟ್ಟು ಎದುರಾಳಿಗಳ ಮೇಲಿನ ನಂಬಿಕೆಯನ್ನೇ ಅಲ್ಲಾಡಿಸಿಬಿಟ್ಟರು ನೋಡಿ, ಪೇಟೆಂಟೂ ಇಲ್ಲ, ಏನೂ ಇಲ್ಲ.

ಕ್ಯಾತ್ಸಂದ್ರ_ಹುಡುಗ:

ಮೇಡಂ, ಇದು ಬಂಗಾರದಂಥ ಉದಾಹರಣೆ, ಖಂಡಿತ ಹಾಕುತ್ತೇನೆ. ಉಳಿದವರಿಗೂ ಥ್ಯಾಂಕ್ಸ್. ಹಾಗಾದರೆ ಎಚ್‌ಎಂಟಿ ಏನು ಮಾಡಿದ್ದರೆ ಉಳಿಯುತ್ತಿತ್ತು?

ಜಾಲಹಳ್ಳಿ_ಕ್ವಾರ್ಟರ್ಸ್:

ಕ್ವಾರ್ಟ್ಜ್‌ಗೆ ಬೇರೆ ಹೆಸರು, ಬೇರೆ ಅಂಗಡಿ, ಬೇರೆ ಜನ ಕೊಡಬೇಕಿತ್ತು ಅಂತ ನನಗನ್ನಿಸುತ್ತೆ. ಕೀ ವಾಚಿನ ಲೆಕ್ಕ ಕೇಳೋ ಸಾಹೇಬರ ಕೈಗೇ ಅದನ್ನೂ ಕೊಟ್ಟರೆ ಅದು ಬೆಳೆಯಲ್ಲ.

ಆದರೆ ಒಂದು ವಿಷಯಕ್ಕೆ ತಯಾರಾಗಿ ಹೋಗಪ್ಪ. ನಿಮ್ಮ ತುಮಕೂರು ಫ್ಯಾಕ್ಟರಿಯ ಒಂದು ಭಾಗವನ್ನು ಸಿಟಿಜನ್ ಜೊತೆಗೇ ಸೇರಿ ಕ್ವಾರ್ಟ್ಜ್‌ಗೆ ಬದಲಾಯಿಸಿದ್ದರು. ಅಂದರೆ ಎಚ್‌ಎಂಟಿ ಕೈಕಟ್ಟಿ ಕೂತಿತ್ತು ಅನ್ನೋಕಾಗಲ್ಲ. ಮಷಿನ್ ಬಂದಮೇಲೂ ಯಾಕೆ ಆಗಲಿಲ್ಲ ಅಂತ ನಿಮ್ಮ ಮೇಷ್ಟ್ರು ಕೇಳೇ ಕೇಳ್ತಾರೆ. ಅದಕ್ಕೆ ಉತ್ತರ ಫ್ಯಾಕ್ಟರಿ ಒಳಗೆ ಹುಡುಕಬೇಡ, ವಾಚ್ ಮಾರೋ ಅಂಗಡಿ ಕಡೆಯಿಂದ ಶುರು ಮಾಡು.