ಗಣಿ ತೋಡಿದ ನೆಲದ 'ರಿಕ್ಲಮೇಷನ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಲೋಕಾಪುರದ ಕಡೆ ಸುಣ್ಣದಕಲ್ಲಿನ ಗಣಿಗಳಿವೆ, ಇಳಕಲ್ಲಿನ ಕಡೆ ಕೆಂಪು ಗ್ರಾನೈಟ್ ಕ್ವಾರಿಗಳಿವೆ. ಪರಿಚಯದವರೊಬ್ಬರು ಗಣಿ ಪಕ್ಕದ ಹಳ್ಳಿಗಳಿಗೆಂದು ಒಂದು ಸಣ್ಣ ಕೈಪಿಡಿ ಮಾಡುತ್ತಿದ್ದಾರೆ. ಗಣಿ ತೋಡಿದವರು ಆ ನೆಲಕ್ಕೆ ಕಾನೂನಿನ ಪ್ರಕಾರ ಏನೇನು ಮಾಡಿ ಹೋಗಬೇಕು ಅನ್ನುವುದು ಅದರ ವಿಷಯ. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಪುಟದಲ್ಲೇ ಗಾಡಿ ನಿಂತಿದೆ.

2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಲ್ಲಿ ಒಂದು ಮಾತಿದೆ. ಗಣಿ ಗುತ್ತಿಗೆ ಹಿಡಿದವರು ಕೆಟ್ಟ ನೆಲಕ್ಕೆ ಹಂತಹಂತವಾಗಿ ರೆಸ್ಟೋರೇಷನ್, ರಿಕ್ಲಮೇಷನ್, ರಿಹ್ಯಾಬಿಲಿಟೇಷನ್ ಮಾಡಬೇಕು, ಗಣಿ ಬಿಟ್ಟು ಹೋಗುವ ಮೊದಲೇ ಅದನ್ನು ಮುಗಿಸಬೇಕು. ಮೂರು ಶಬ್ದ ಸಾಲಾಗಿ ನಿಂತಿವೆ. ನಿಘಂಟು ತೆಗೆದರೆ ಮೂರಕ್ಕೂ 'ಪುನಃ' ಅಂಟಿಸಿ ಕೊಡುತ್ತದೆ. ನಾನು ಅರ್ಥ ಮಾಡಿಕೊಂಡ ಹಾಗೆ, ಮೊದಲನೆಯದು ನೆಲವನ್ನು ಮುಂಚೆ ಇದ್ದ ಹಾಗೇ ಮಾಡುವುದು. ಎರಡನೆಯದು ಯಾವುದಾದರೂ ಉಪಯೋಗಕ್ಕೆ ಬರುವ ಹಾಗೆ ಮಾಡುವುದು: ಹೊಲವೋ, ಹುಲ್ಲುಗಾವಲೋ, ನೀರು ನಿಲ್ಲುವ ಹೊಂಡವೋ. ಮೂರನೆಯದು ಆ ಉಪಯೋಗ ಮುಂದೆಯೂ ಉಳಿಯುವ ಹಾಗೆ ನೋಡಿಕೊಳ್ಳುವುದು.

ರಿಹ್ಯಾಬಿಲಿಟೇಷನ್‌ಗೆ 'ಪುನರ್ವಸತಿ' ಎಂದು ಬರೆದು ನಮ್ಮ ಕಾಕಾಗೆ ಓದಲು ಕೊಟ್ಟೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರು ಅವರು; ಅಂಥವರಿಗೆಂದು ಕಟ್ಟಿದ್ದೇ ಇಲ್ಲಿನ ನವನಗರ. "ಭೂಮಿಗೂ ನವನಗರದಾಗ ಪ್ಲಾಟ್ ಕೊಡ್ತಾರೇನೋ?" ಎಂದು ಕೇಳಿದರು. ಬೇರೆ ಜಿಲ್ಲೆಯಲ್ಲಿ ಈ ಶಬ್ದ ನಡೆಯಬಹುದು. ಮುಳುಗಡೆ ಕಂಡ ಬಾಗಲಕೋಟೆಯಲ್ಲಿ ಪುನರ್ವಸತಿ ಅಂದರೆ ಮನುಷ್ಯರದು, ಪರಿಹಾರದ್ದು, ವರ್ಷಗಟ್ಟಲೆ ಕಚೇರಿ ಅಲೆದದ್ದು. ಸುಮ್ನೆ ಭೂಮಿಗೆ ಹಚ್ಚಲಿಕ್ಕೆ ಬರುವುದಿಲ್ಲ.

ಸರಿ, 'ಭೂಸುಧಾರಣೆ' ಅನ್ನೋಣವೆಂದರೆ ಅದೂ ಖಾಲಿ ಇಲ್ಲ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ, ಉಳುವವನೇ ಒಡೆಯ, ಗೇಣಿದಾರರು ಭೂಮಿಗೆ ಅರ್ಜಿ ಹಾಕಿದ ಏಳನೇ ನಂಬರ್ ಫಾರ್ಮ್: ಇಷ್ಟೂ ಆ ಒಂದು ಶಬ್ದದಲ್ಲಿ ಕೂತಿವೆ. ಸವುಳು-ಜವುಳು ಹೊಲ ಸರಿಮಾಡುವುದಕ್ಕೂ 'ಸುಧಾರಣೆ' ಅನ್ನುತ್ತೇವೆ. ಇನ್ನು 'ಪುನಶ್ಚೇತನ' ಅಂದರೆ ಎಲ್ಲರಿಗೂ ಕೆರೆಯ ಹೂಳು ಎತ್ತುವುದೇ ನೆನಪಾಗುತ್ತದೆ.

ಕೈಪಿಡಿಯಲ್ಲಿ 'ರಿಕ್ಲಮೇಷನ್ ಪರ್ಮಿಟ್' ಎಂಬ ಮಾತೂ ಇದೆ. ಇದು ಬಹುಶಃ ಅಮೆರಿಕದ ಬರಹದಿಂದ ನುಸುಳಿ ಬಂದದ್ದು. ಅಲ್ಲಿ 1977ರ ಕಲ್ಲಿದ್ದಲು ಗಣಿ ಕಾಯ್ದೆಯ ಪ್ರಕಾರ, ನೆಲವನ್ನು ಹೇಗೆ ಸರಿಮಾಡುತ್ತೇವೆ ಎಂಬ ಯೋಜನೆ ತೋರಿಸಿ, ಜಾಮೀನು ಹಣ ಕಟ್ಟಿದ ಮೇಲೇ ತೋಡಲು ಪರ್ಮಿಟ್ ಸಿಗುತ್ತದೆ. ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು ಮತ್ತೆ ಹಾಸಬೇಕು. ಗಿಡ-ಹುಲ್ಲು ಹಚ್ಚಿದ ಮೇಲೂ 5 ವರ್ಷ ಹೊಣೆ ಅವರದೇ. ವರ್ಷಕ್ಕೆ 26 ಇಂಚು ಅಥವಾ ಅದಕ್ಕಿಂತ ಕಡಿಮೆ ಮಳೆ ಬೀಳುವ ಕಡೆ 10 ವರ್ಷ. ನಮ್ಮ ಜಿಲ್ಲೆಯ ಮಳೆ ಆ ಗೆರೆಯ ಕೆಳಗೇ ಬರುತ್ತದೆ, ಅಲ್ಲಿದ್ದಿದ್ದರೆ ಹತ್ತರ ಲೆಕ್ಕದಲ್ಲೇ ಇರುತ್ತಿದ್ದೆವು.

ನಮ್ಮಲ್ಲಿ ಇಂಥ ಹೆಸರಿನ ಬೇರೆ ಪರ್ಮಿಟ್ ಇಲ್ಲ. ಈ ಹೊಣೆ ಗುತ್ತಿಗೆಯ ಜೊತೆಗೇ, ಗಣಿ ಯೋಜನೆಯ ಒಳಗೇ ಬರುತ್ತದೆ. ಮೇಲಾಗಿ ಇಲ್ಲಿ 'ಪರ್ಮಿಟ್ ಐತೇನು?' ಎಂದರೆ ಲಾರಿ ಡ್ರೈವರ್ ಕಲ್ಲು ಸಾಗಿಸುವ ಚೀಟಿ ತೋರಿಸುತ್ತಾನೆ! ಆ ಶಬ್ದ ಕಿತ್ತುಹಾಕಿ 'ಗುತ್ತಿಗೆಯ ಷರತ್ತು' ಎಂದು ಬರೆದಿದ್ದೇನೆ.

'ಮುಚ್ಚು' ಇನ್ನೂ ಜಾಸ್ತಿ ಕಾಡಿತು. ನಿಯಮದಲ್ಲಿ 'ಗಣಿ ಮುಚ್ಚುವ ಯೋಜನೆ' ಇದೆ, ಆ ಯೋಜನೆಯ ಅಂತಿಮ ರೂಪವನ್ನು ಗಣಿ ಮುಚ್ಚುವ 2 ವರ್ಷ ಮೊದಲೇ ಕೊಡಬೇಕು. ಆದರೆ 'ಆ ಖಣಿ ಮುಚ್ಚೈತಿ' ಎಂದರೆ ಊರಿನವರಿಗೆ ಕೆಲಸ ನಿಂತಿದೆ, ಕೂಲಿ ಇಲ್ಲ ಎಂದಷ್ಟೇ. ಗುಂಡಿ ಬಾಯಿ ತೆರೆದುಕೊಂಡೇ ಇರುತ್ತದೆ. ಒಂದೇ ಶಬ್ದದಲ್ಲಿ ಕಂಪನಿಯವರು ತಪ್ಪಿಸಿಕೊಳ್ಳಲು ಎಷ್ಟು ಜಾಗ ಇದೆ ನೋಡಿ. ಹಾಗಾಗಿ 'ಮುಗಿಸುವ ಯೋಜನೆ' ಎಂದು ಬರೆದು, ಗುಂಡಿಯ ಮಾತು ಬಂದಾಗ ಮಾತ್ರ 'ತುಂಬು' ಎಂದಿದ್ದೇನೆ. ಅದಕ್ಕೆಂದು ಇಡುವ ಹಣಕ್ಕೆ 'ಹಣಕಾಸು ಭರವಸೆ' ಎಂದು ಯಾರೋ ಮೊದಲು ಅನುವಾದಿಸಿದ್ದರು. ಭರವಸೆ ಚುನಾವಣೆಗೇ ಸಾಕು. 2021ರ ತಿದ್ದುಪಡಿಯಂತೆ ಹೆಕ್ಟೇರಿಗೆ 'ಎ' ದರ್ಜೆಯ (ದೊಡ್ಡ ಯಂತ್ರಗಳ ಅಥವಾ ಹೆಚ್ಚು ಕೆಲಸಗಾರರ) ಗಣಿಗೆ 5 ಲಕ್ಷ, ಉಳಿದ 'ಬಿ' ದರ್ಜೆಗೆ 3 ಲಕ್ಷ ರೂಪಾಯಿ. ಇದು ಜಾಮೀನೇ ತಾನೆ?

ರಿಕ್ಲಮೇಷನ್‌ಗೆ ನನ್ನ ಮನಸ್ಸು ಹೋಗಿರುವುದು 'ಹಸನು' ಕಡೆಗೆ. ಕಾಳು ಹಸನು ಮಾಡುತ್ತೇವೆ. ಬಿತ್ತುವ ಮೊದಲು ಕಲ್ಲು-ಕಸ ಆರಿಸಿ ಹೊಲ ಹಸನು ಮಾಡುತ್ತೇವೆ. 'ಬಾಳು ಹಸನಾಗಲಿ' ಎಂದು ಹರಸುತ್ತೇವೆ. ಮೊದಲಿನ ಹಾಗೇ ಆಗಬೇಕೆಂಬ ಹಟ ಅದರಲ್ಲಿಲ್ಲ, ಉಪಯೋಗಕ್ಕೆ ಬಂದರೆ ಸಾಕು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಗಣಿಯ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು ಬೆಳೆಯುವ ಸ್ಥಿತಿಗೆ ತರಬೇಕು ಎಂಬ ಷರತ್ತು ಹಾಕಲು ಕೇಂದ್ರಕ್ಕೆ ಹೇಳಿತಲ್ಲ, ಅದಕ್ಕೂ 'ನೆಲ ಹಸನು' ಸರಿಯಾಗಿ ಕೂರುತ್ತದೆ. ಆದರೆ ಗೆಳೆಯರಾದ ವಕೀಲರೊಬ್ಬರು ಒಪ್ಪುತ್ತಿಲ್ಲ, "ಅಡುಗೆಮನೆ ಮಾತು, ಕೋರ್ಟಿನಲ್ಲಿ ನಿಲ್ಲೋದಿಲ್ಲ" ಅನ್ನುತ್ತಾರೆ. 'ಹಸನು ಮಾಡತಕ್ಕದ್ದು' ಎಂದು ಬರೆದರೆ ನಿಲ್ಲುವುದಿಲ್ಲವಾ?

ಮೈಸೂರು, ಮಂಗಳೂರು ಕಡೆಯವರಿಗೆ 'ಹಸನು' ಕೇಳಿದೊಡನೆ ನೆಲ ಹೊಳೆಯುತ್ತದೆಯೇ, ಬರೀ ಬಾಳು ಹೊಳೆಯುತ್ತದೆಯೇ? ಹಾಗೇ ಇಳಕಲ್ ಕಡೆಯವರಿಗೆ ಇನ್ನೊಂದು: ಕ್ವಾರಿಯ ಪಕ್ಕ ರಾಶಿ ಬಿದ್ದ ಬೇಡದ ಕಲ್ಲು-ಮಣ್ಣಿಗೆ ನೀವು 'ವೇಸ್ಟ್' ಬಿಟ್ಟು ಬೇರೆ ಏನಾದರೂ ಅನ್ನುತ್ತೀರಾ? ಕೈಪಿಡಿಯ ಮೂರನೇ ಪುಟ ಅದಕ್ಕೇ ಕಾಯುತ್ತಿದೆ.